ಪೆರ್ಸೊ ಅಂದರೆ ಕೇಸರಿ

ಹೋದ ಭಾನುವಾರ ಯಾರೂ ಹೇಳದೆ ಕೇಳದೆ ನಾನು ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಬಾಣಲೆ ಇಟ್ಟು, ರವೆ ಹುರಿಯಲು ನಿಂತುಬಿಟ್ಟೆ. ಮುಂದಿನ ಕೋಣೆಯಲ್ಲಿ ಮೊಮ್ಮಗಳು ಟಿವಿಯ ಎದುರು ಮುಖ ಊದಿಸಿಕೊಂಡು ಕೂತಿದ್ದಳು. ಅವಳಿಗೆ ಇಟಲಿಯ ಒಂದು ಫುಟ್‌ಬಾಲ್ ಕ್ಲಬ್ಬಿನ ಮೇಲೆ ಜೀವ. ಕೊಯಮತ್ತೂರಿನ ಹುಡುಗಿಗೂ ಇಟಲಿಯ ಕ್ಲಬ್ಬಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಬೇರೆ ಯಾರು ಬೇಕಾದರೂ ಕೇಳಬಹುದು, ನಾನು ಮಾತ್ರ ಕೇಳುವ ಹಾಗಿಲ್ಲ. ಈ ವರ್ಷ ಆ ಕ್ಲಬ್ಬಿಗೆ ಏನೋ ಗ್ರಹಚಾರ. ಆಡಿದ್ದಕ್ಕಿಂತ ಸೋತದ್ದೇ ಹೆಚ್ಚು ಅನ್ನುವಷ್ಟು ಸೋಲುತ್ತಿದೆ. ಅವತ್ತೂ ಸೋತಿತು.

ನನ್ನ ಸೊಸೆ ಮೈಸೂರಿನವಳು. ತುಪ್ಪದ ವಾಸನೆಗೆ ಒಳಗೆ ಬಂದು, "ಗೆದ್ದರಾ ಅತ್ತೆ? ಕೇಸರಿಬಾತ್ ಮಾಡ್ತಾ ಇದೀರಲ್ಲ" ಅಂದಳು. "ಇಲ್ಲಮ್ಮ, ಸೋತರು, ಅದಕ್ಕೇ" ಅಂದೆ. ವಯಸ್ಸಾದವರನ್ನು ಒಂದು ಥರ ನೋಡುತ್ತಾರಲ್ಲ, ಹಾಗೆ ನೋಡಿ, ಒಲೆಯ ಉರಿ ತಾನೇ ಸಣ್ಣ ಮಾಡಿ ಹೋದಳು. ಪಾಪ, ಅವಳ ತಪ್ಪಿಲ್ಲ. ನನ್ನ ತವರಿನಲ್ಲಿ ಸೋಲಿಗೂ ಸಕ್ಕರೆಗೂ ಗಂಟು ಬಿದ್ದು ಅರವತ್ತು ಎಪ್ಪತ್ತು ವರ್ಷವಾಯಿತು. ಅದಕ್ಕೆ ಕಾರಣ ನಾನು. ಸರಿಯಾಗಿ ಹೇಳಬೇಕೆಂದರೆ ನನ್ನ ಇಟಾಲಿಯನ್ ಭಾಷಾಜ್ಞಾನ.

ಅದನ್ನು ಹೇಳುವ ಮೊದಲು ನಮ್ಮ ಕನ್ನಡದ ವಿಷಯ ಒಂದು ಮಾತು. ನಾವು ಕೊಯಮತ್ತೂರಿನ ಸಿಂಗಾನಲ್ಲೂರು ಕಡೆಯ ಗಿರಣಿ ಬೀದಿಯವರು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು. ಆದರೆ ಹೊಸ್ತಿಲು ಬಹಳ ತಗ್ಗಿನದು, ಮಾತುಗಳು ಕೋಳಿಮರಿಗಳ ಹಾಗೆ ಆಚೆಗೂ ಈಚೆಗೂ ಓಡಾಡಿಕೊಂಡಿದ್ದವು. ಯಾವುದು ಯಾವ ಭಾಷೆ ಎಂದು ನಮಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಅನ್ನಿಸಿರಲಿಲ್ಲ. ಗೆಲ್ಲುವುದಕ್ಕೆ ನಾವು 'ಜೆಯಿಕ್ಕಾದು' ಅನ್ನುತ್ತಿದ್ದೆವು. ದೊಡ್ಡದಕ್ಕೆ ಬೀದಿಯ ತಮಿಳಿನವರ ಹಾಗೆ 'ಪೆರ್ಸು' ಅನ್ನುತ್ತಿದ್ದೆವು. ಈ 'ಪೆರ್ಸು' ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಕನ್ನಡ ಅಕ್ಷರ ಕಲಿತದ್ದೇ ಮದುವೆಯಾಗಿ, ಮತ್ತೆ ಈ ಊರಿಗೆ ಬರುವ ಮೊದಲು, ನಂಜನಗೂಡಿನಲ್ಲಿದ್ದಾಗ. ಅದಕ್ಕೇ ನನ್ನ ಬರವಣಿಗೆ ಈಗಲೂ ಹೊಸ ಸೊಸೆಯ ಹಾಗೆ ಗೋಡೆ ಹಿಡಿದುಕೊಂಡೇ ನಡೆಯುತ್ತದೆ.

ಐವತ್ತರ ದಶಕದ ನಡುವೆ, ನನಗೆ ಹತ್ತೋ ಹನ್ನೊಂದೋ ಇದ್ದಾಗ, ಅಪ್ಪ ಕೆಲಸ ಮಾಡುತ್ತಿದ್ದ ಗಿರಣಿಗೆ ಇಟಲಿಯಿಂದ ಹೊಸ ನೂಲುವ ಯಂತ್ರಗಳು ಬಂದವು. ಮರದ ಪೆಟ್ಟಿಗೆಗಳ ಜೊತೆಗೆ ಅವನ್ನು ಜೋಡಿಸುವುದಕ್ಕೆ ಇಟಲಿಯವರೊಬ್ಬರೂ ಬಂದರು. ಹೆಸರು ರೆನಾತೊ. ಗಿರಣಿಯ ಅತಿಥಿಗೃಹದಲ್ಲಿ ಜಾಗವಿರಲಿಲ್ಲ. ನಮ್ಮ ಮನೆಗೊಂದು ಮಹಡಿ ಇತ್ತು, ನಾವು ಅದನ್ನು 'ಮೆತ್ತೆ' ಅನ್ನುತ್ತಿದ್ದೆವು. ಯಂತ್ರ ಜೋಡಿಸುವ ವಿಭಾಗ ಅಪ್ಪನದೇ ಆದ್ದರಿಂದ ರೆನಾತೊ ಸೀದಾ ನಮ್ಮ ಮೆತ್ತೆಗೆ ಬಂದರು. ಒಂದು ವರ್ಷ ಇದ್ದರು. ಮೂವತ್ತೈದರ ಆಸುಪಾಸಿನ, ಉದ್ದ ಮೂಗಿನ, ಸದಾ ಕೈ ಬೀಸಿಕೊಂಡು ಮಾತಾಡುವ ಮನುಷ್ಯ. ಅವರಿಗೆ ಸಂತೋಷವಾದರೂ ಕೈ ಬೀಸುತ್ತಿದ್ದರು, ದುಃಖವಾದರೂ ಬೀಸುತ್ತಿದ್ದರು, ಬೋಲ್ಟು ಸಡಿಲವಾದರೂ ಬೀಸುತ್ತಿದ್ದರು. ಕೈ ನೋಡಿ ಏನಾಗಿದೆ ಎಂದು ಹೇಳುವ ಹಾಗಿರಲಿಲ್ಲ.

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಕಾರಮಡೈಯವರು. ಕಾರಮಡೈಯಲ್ಲಿ ಹುಟ್ಟಿದವರಿಗೆ ಲೋಕದಲ್ಲಿ ಇರುವುದು ಒಂದೇ ದೇವರು, ರಂಗನಾಥ. ರೆನಾತೊ ಎಂಬ ಹೆಸರು ಕೇಳಿದ ತಕ್ಷಣ ಅಜ್ಜಿ, "ರಂಗನಾತನಾ? ಒಳ್ಳೆ ಎಸರು" ಅಂದರು. ಅವತ್ತಿನಿಂದ ಆ ಮನುಷ್ಯ ನಮ್ಮ ಬೀದಿಗೆಲ್ಲ ರಂಗನಾತ. ಅವರೂ ಅಜ್ಜಿಯನ್ನು ನೋಡಿದ ದಿನವೇ "ನೊನ್ನಾ" ಎಂದು ಕರೆದರು. ಅವರ ಭಾಷೆಯಲ್ಲಿ ನೊನ್ನಾ ಅಂದರೆ ಅಜ್ಜಿ ಎಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಜ್ಜಿಯ ಕಿವಿಗೆ ಅದು 'ನನ್ನ' ಎಂದೇ ಬಿತ್ತು. "ಬಂದಾಗೆಲ್ಲ ನನ್ನ ನನ್ನ ಅಂತನ. ನನ್ನ ಏನು ಅಂತ ಮುಗ್ಸದೇ ಇಲ್ಲ" ಎಂದು ಎಲೆಅಡಿಕೆ ಕುಟ್ಟಾಣಿಯಲ್ಲಿ ಕುಟ್ಟುತ್ತ ಅಮ್ಮನ ಹತ್ತಿರ ಹೇಳುತ್ತಿದ್ದರು. ಅಜ್ಜಿಗೆ ಒಂದೂ ಹಲ್ಲಿರಲಿಲ್ಲ. ಹಗಲೆಲ್ಲ ಆ ಕುಟ್ಟಾಣಿಯ ಟಣ್ ಟಣ್ ನಮ್ಮ ಮನೆಯ ಗಡಿಯಾರದ ಸದ್ದು.

ರಂಗನಾತರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಅಪ್ಪನಿಗೂ ಸ್ವಲ್ಪ. ಆದರೆ ಇಬ್ಬರದೂ ಗಿರಣಿಯ ಇಂಗ್ಲಿಷ್. ಬೆಲ್ಟು, ಬಾಬಿನ್ನು, ಆಯಿಲು, ಟೈಟು, ಲೂಸು. ಅದರಲ್ಲಿ ಯಂತ್ರ ನಡೆಸಬಹುದು, ಮನಸ್ಸು ಬಿಚ್ಚುವುದು ಕಷ್ಟ. ಮನೆಯಲ್ಲಿ ಅವರ ಜೊತೆ ಹೆಚ್ಚು ಮಾತಾಡುತ್ತಿದ್ದವಳು ನಾನು, ಯಾಕೆಂದರೆ ನನಗೆ ನಾಚಿಕೆ ಇರಲಿಲ್ಲ. ತಿಂಗಳೊಳಗೆ ಆರು ಶಬ್ದ ಕಲಿತು, ನನಗೆ ಇಟಲಿ ಭಾಷೆ ಬರುತ್ತದೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ. ಮನೆಯಲ್ಲಿ ನಂಬಿದರು. ನನ್ನ ಮಾತನ್ನು ಅಷ್ಟು ಗಟ್ಟಿಯಾಗಿ ನಂಬಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಅವರ ಊರೂ ನಮ್ಮೂರಿನ ಹಾಗೆಯೇ ಇತ್ತಂತೆ. ಬೆಟ್ಟದ ಬುಡ, ಗಿರಣಿ, ಗಿರಣಿಯ ಸೈರನ್ನು. ನಮ್ಮದು ಹತ್ತಿ, ಅವರದು ಉಣ್ಣೆ, ಅಷ್ಟೇ ವ್ಯತ್ಯಾಸ. ಆ ಊರಿಗೊಂದು ಫುಟ್‌ಬಾಲ್ ಕ್ಲಬ್ಬಿತ್ತು. ಆಟಗಾರರಲ್ಲಿ ಅರ್ಧ ಜನ ಗಿರಣಿಯವರೇ. ಗೋಲು ಕಾಯುತ್ತಿದ್ದವನು ರಂಗನಾತರ ಸ್ವಂತ ತಮ್ಮ. ತಂಡದ ಫೋಟೊ ಒಂದನ್ನು ಅವರು ಮೆತ್ತೆಯ ಗೋಡೆಗೆ ಅಂಟಿಸಿದ್ದರು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ಅನ್ನೊಂದು ಜನನೂ ಚಡ್ಡಿಲೇ ನಿಂತವ್ರಲ್ಲ, ಪಾವ, ಚಳಿ ದೇಸ ಬೇರೆ" ಎಂದು ಮರುಗಿದರು.

ನಮ್ಮ ಮೆತ್ತೆಗೆ ಹದಿನೆಂಟು ಮೆಟ್ಟಿಲು. ಅವರ ಆಟದ ಕೂಟದಲ್ಲಿ ಹದಿನೆಂಟು ತಂಡ. ಇದನ್ನು ಕಂಡುಹಿಡಿದ ದಿನ ರಂಗನಾತರಿಗಾದ ಸಂತೋಷ ಹೇಳತೀರದು. ಹದಿನೆಂಟು ಚೀಟಿ ಬರೆದು ಮೆಟ್ಟಿಲಿಗೊಂದರಂತೆ ಅಂಟಿಸಿದರು. ಅವರೂರಿನ ಚೀಟಿಗೆ ಕಂದು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ತಮ್ಮನಿಂದ ವಾರಕ್ಕೊಂದು ವಿಮಾನದ ಕಾಗದ ಬರುತ್ತಿತ್ತು. ಆಟ ಮುಗಿದು ಹತ್ತು ದಿನಕ್ಕೆ ನಮ್ಮ ಬೀದಿಗೆ ಮುಟ್ಟುವುದು. ಕಾಗದ ಓದಿ, ಚೀಟಿಗಳನ್ನು ಅದಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡುತ್ತಿದ್ದರು. ಶುರುವಿನಲ್ಲಿ ಅವರೂರಿನ ಚೀಟಿ ಮೇಲಿನಿಂದ ಎಣಿಸಿದರೆ ಎಂಟನೆಯದೋ ಒಂಬತ್ತನೆಯದೋ ಮೆಟ್ಟಿಲಿನಲ್ಲಿತ್ತು.

ಮೊದಲ ಕಾಗದ ಬಂದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಶನಿವಾರ, ನಾನು ಮನೆಯಲ್ಲಿದ್ದೆ. ರಂಗನಾತರು ಅಂಗಳದಲ್ಲೇ ನಿಂತು ಕಾಗದ ಒಡೆದರು, ಓದಿದರು, ಎರಡೂ ಕೈ ಅಗಲ ಮಾಡಿ ನನ್ನ ಕಡೆ ತಿರುಗಿ "ಪೆರ್ಸೊ" ಅಂದರು. ಪೆರ್ಸು. ಕೈ ಬೇರೆ ಅಷ್ಟು ಅಗಲ. ಇನ್ನೇನು ಅನುಮಾನ? ನಾನು ಒಳಗೆ ಓಡಿಹೋಗಿ, ಅವರೂರಿನವರು ಪೆರ್ಸಾಗಿ ಜೆಯಿಚ್ಚರಂತೆ ಎಂದು ಕೂಗಿದೆ.

ಅಜ್ಜಿ ಕುಟ್ಟಾಣಿ ಕೆಳಗಿಟ್ಟು ಎದ್ದರು. ಪರದೇಶದಿಂದ ಬಂದ ಹುಡುಗ, ಅವನ ಮನೆಯವರು ಯಾರೂ ಇಲ್ಲಿಲ್ಲ, ಒಳ್ಳೆಯ ಸುದ್ದಿ ಬಂದ ದಿನ ಬಾಯಿಗೆ ಸಿಹಿ ಹಾಕುವವರು ಯಾರು ಎಂದು ಅವರೇ ರವೆ ಹುರಿದರು. ಹಿತ್ತಾಳೆ ಬಟ್ಟಲು ತುಂಬ ಕೇಸರಿ, ಮೇಲೆ ಎರಡು ಗೋಡಂಬಿ. ಮೆತ್ತೆಗೆ ತಗೊಂಡು ಹೋದವಳು ನಾನೇ. ರಂಗನಾತರು ಬಟ್ಟಲು ನೋಡಿದರು, ನನ್ನನ್ನು ನೋಡಿದರು, "ಪೆರ್ಸೊ..." ಎಂದು ಏನೋ ಹೇಳಹೊರಟು, ಬಟ್ಟಲನ್ನು ಎರಡೂ ಕೈಯಲ್ಲಿ ತಗೊಂಡರು. ಆಮೇಲೆ ಕಣ್ಣೊರೆಸಿಕೊಂಡು ಬಟ್ಟಲು ನೆಕ್ಕಿಟ್ಟರು. ಕಣ್ಣಲ್ಲಿ ನೀರು ಬಂತು ಎಂದು ಕೆಳಗೆ ಬಂದು ಹೇಳಿದೆ. ಆನಂದಕ್ಕೆ ಬರುತ್ತದೆ ಎಂದು ಅಜ್ಜಿ ಅಂದರು, ಅಮ್ಮ ಹೌದೆಂದು ತಲೆದೂಗಿದರು.

ಹೀಗೆ ಶುರುವಾಯಿತು. ವಾರ ಬಿಟ್ಟು ವಾರ ಪೆರ್ಸೊ. ಎಂಥ ತಂಡವಪ್ಪ ಇದು ಎಂದು ನಮಗೆಲ್ಲ ಹೆಮ್ಮೆ. ಆಗೊಮ್ಮೆ ಈಗೊಮ್ಮೆ 'ಪಾರಿ' ಎಂದು ಭುಜ ಕುಣಿಸುತ್ತಿದ್ದರು. ಅದು 'ಪರವಾಗಿಲ್ಲ' ಇರಬೇಕು ಎಂದು ನಾನು ತೀರ್ಪು ಕೊಟ್ಟೆ. ಸರಿಸಮ ಎಂಬ ಅರ್ಥವಂತೆ. ನನ್ನ ಇಟಾಲಿಯನ್ನಿನಲ್ಲಿ ಸರಿಸುಮಾರಾಗಿ ನಿಜಕ್ಕೆ ಹತ್ತಿರ ಬಂದದ್ದು ಅದೊಂದೇ ಶಬ್ದ. ಅದಕ್ಕೆ ಬರೀ ಕಾಫಿ. ವರ್ಷಕ್ಕೆ ನಾಲ್ಕೋ ಐದೋ ಸಲ ಮಾತ್ರ 'ವಿಂತೊ' ಎಂಬ ಶಬ್ದ ಬಂತು. ವಿಂತೊ ನಮ್ಮ ಕಿವಿಗೆ ತಮಿಳಿನ 'ವಿಳುಂದು', ಅಂದರೆ ಬಿದ್ದು. ಬಿದ್ದರು, ಪಾಪ. ಆ ದಿನಗಳಲ್ಲಿ ಅಜ್ಜಿ ನಮ್ಮನ್ನು ಜೋರಾಗಿ ನಗಬೇಡಿ ಎಂದು ಗದರಿಸಿ, ಮೆಣಸಿನ ಸಾರು ಮಾಡಿ ಮೆತ್ತೆಗೆ ಕಳಿಸುತ್ತಿದ್ದರು. ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಸಾವಿನ ಮನೆಗೆ ಹೋದವರ ಹಾಗೆ ಒಂದು ಸಲ ಕೆಮ್ಮಿ ಬರುತ್ತಿದ್ದರು. ಮೇಲೆ ರಂಗನಾತರು ಹಾಡು ಹೇಳಿಕೊಳ್ಳುತ್ತಿದ್ದರು. ದುಃಖ ಮರೆಯುವುದಕ್ಕೆ ಹಾಡುತ್ತಾರೆ ಎಂದು ನಾವು ಇನ್ನೂ ಮರುಗಿದೆವು.

ಈಗ ಯೋಚಿಸಿದರೆ ನಗು ಬರುತ್ತದೆ, ಆದರೆ ಅವತ್ತು ಒಂದಕ್ಕೊಂದು ಹೇಗೆ ಹೊಂದಿಕೊಂಡಿತ್ತು ಗೊತ್ತೆ? ಚೀಟಿ ದಿನೇ ದಿನೇ ಕೆಳಗಿಳಿಯುತ್ತಿತ್ತು. ಕೆಳಗೆ ಅಂದರೆ ಯಾರ ಕಡೆಗೆ? ನಮ್ಮ ಕಡೆಗೆ. ಮೆತ್ತೆಯಿಂದ ಇಳಿದು ನಮ್ಮ ನಡುಮನೆಗೆ ಬರುತ್ತಿದೆ ಎಂದೇ ಅಜ್ಜಿ ತಿಳಿದಿದ್ದರು. ಚೀಟಿ ಹದಿನೈದನೆಯ ಮೆಟ್ಟಿಲಿಗೆ ಬಂದಾಗ, ಇನ್ನು ಮೂರೇ ಮೆಟ್ಟಿಲು ಎಂದು ಕೊನೆಯ ಮೆಟ್ಟಿಲನ್ನು ಸಾರಿಸಿ ತಾವರೆಯ ರಂಗೋಲಿ ಬಿಟ್ಟರು. ಶನಿವಾರ ಶನಿವಾರ ಕಾರಮಡೈ ದಿಕ್ಕಿಗೆ ತಿರುಗಿ ಕೈಮುಗಿದು, ಆ ಹುಡುಗರ ಜೊತೆ ಇರಪ್ಪ ಎಂದು ಬೇಡಿಕೊಳ್ಳುತ್ತಿದ್ದರು. ಬೇಡಿಕೊಳ್ಳುತ್ತಿದ್ದ ಆಟ ಆಗಲೇ ಮುಗಿದು, ಅದರ ಕಾಗದ ಎಲ್ಲೋ ಸಮುದ್ರದ ಮೇಲೆ ಹಾರುತ್ತಿರುತ್ತಿತ್ತು. ರಂಗನಾತರು ಮಾತ್ರ ರಂಗೋಲಿ ತುಳಿಯದ ಹಾಗೆ ದೊಡ್ಡ ಹೆಜ್ಜೆ ಹಾಕಿ ದಾಟಿ, ಅಜ್ಜಿಗೆ ತಲೆಬಾಗಿಸಿ ಹೋಗುತ್ತಿದ್ದರು.

ನನ್ನ ಪಾಂಡಿತ್ಯ ಬಯಲಾದದ್ದು ಒಂದು ಕಪ್ಪೆಯಿಂದ.

ಚಿತ್ರೈ ತಿಂಗಳ ಬಿಸಿಲು. ಭಾನುವಾರ ಬೆಳಿಗ್ಗೆ ರಂಗನಾತರು ಗಾಬರಿಯಿಂದ ಮೆಟ್ಟಿಲಿಳಿದು ಬಂದರು. "ಕಪ್ಪೆಲ್ಲೊ! ಕಪ್ಪೆಲ್ಲೊ ಪೆರ್ಸೊ!" ಎಂದು ಎರಡು ಸಲ ಹೇಳಿ, ಬಗ್ಗಿ ಮಂಚದ ಕೆಳಗೆ ನೋಡಿದರು. ನಮಗೆ ಸ್ಪಷ್ಟವಾಗಿ ಅರ್ಥವಾಯಿತು. ಇಷ್ಟು ದಿನಕ್ಕೆ ಪಾಪ ಕನ್ನಡವನ್ನೇ ಕಲಿತುಬಿಟ್ಟಿದ್ದಾರೆ. ಕಪ್ಪೆ ಎಲ್ಲೋ, ಪೆರ್ಸು! ದೊಡ್ಡ ಕಪ್ಪೆ, ಮನೆಯೊಳಗೆ ಬಂದಿದೆ, ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಾರೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚು ಹತ್ತಿ ನಿಂತರು. ಅಪ್ಪ ಟಾರ್ಚು ತಂದು ಅಕ್ಕಿ ಡಬ್ಬದ ಹಿಂದೆ ಬೆಳಕು ಬಿಟ್ಟರು. ಅಜ್ಜಿ ಪೊರಕೆ ಹಿಡಿದು ಬಚ್ಚಲ ಬಾಗಿಲಿಗೆ ಕಾವಲು ನಿಂತರು. ನಾನೂ ರಂಗನಾತರೂ ಒಂದೇ ಮಂಚದ ಕೆಳಗೆ ಎರಡು ಕಡೆಯಿಂದ ತೂರಿ, ನಡುವೆ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡೆವು. ನಾವೆಲ್ಲ ತಮಗಾಗಿ ಇಷ್ಟು ಶ್ರಮಪಡುವುದು ನೋಡಿ ಅವರು ಕೈ ಬೀಸಿ ಬೀಸಿ ವಂದಿಸುತ್ತಿದ್ದರು.

ಕೊನೆಗೆ ನಾನು ತಾರಸಿಗೆ ಹೋದೆ. ಅಲ್ಲಿ ಅಜ್ಜಿ ಹಿಂದಿನ ದಿನ ಒಣಗಲು ಹಾಕಿದ ಸಂಡಿಗೆ ಇತ್ತು. ಉಳಿದ ಹಿಟ್ಟಿನ ಪಾತ್ರೆಗೆ ಕಾಗೆ ಬಾಯಿ ಹಾಕದಿರಲಿ ಎಂದು ಅಜ್ಜಿ ಯಾವುದೋ ಹುಲ್ಲಿನ ಬುಟ್ಟಿ ಕವುಚಿದ್ದರು. ಹತ್ತಿರ ಹೋಗಿ ನೋಡಿದರೆ ಬುಟ್ಟಿಯಲ್ಲ, ರಂಗನಾತರ ಟೋಪಿ. ನನ್ನ ಹಿಂದೆಯೇ ಬಂದ ಅವರು "ಕಪ್ಪೆಲ್ಲೊ!" ಎಂದು ಕೂಗಿ ಟೋಪಿಯನ್ನು ಎದೆಗೊತ್ತಿಕೊಂಡರು. ಅಂಚಿಗೆ ಅಂಟಿದ್ದ ಹಿಟ್ಟನ್ನು ಬೆರಳಲ್ಲಿ ಒರೆಸಿ ತಲೆಗೇರಿಸಿ, ಶಿಳ್ಳೆ ಹಾಕುತ್ತ ಇಳಿದು ಹೋದರು.

ನಾನು ಬಿಸಿಲಲ್ಲೇ ನಿಂತೆ. ಹಾಗಾದರೆ ಕಪ್ಪೆಲ್ಲೊ ಅಂದರೆ ಟೋಪಿ. ಸರಿ. ಆದರೆ ಟೋಪಿ ಪೆರ್ಸು ಹೇಗಾಯಿತು? ಅದು ಯಾವಾಗಲೂ ಇದ್ದಷ್ಟೇ ಇತ್ತು. ಸಿಗದೆ ಇದ್ದಾಗ ಮಾತ್ರ ಅದು ಪೆರ್ಸೊ, ಸಿಕ್ಕ ಮೇಲೆ ಅಲ್ಲ.

ಅವತ್ತು ಸಾಯಂಕಾಲ ಐದು ಕಲ್ಲು ಹಿಡಿದು ಮೆತ್ತೆಗೆ ಹೋಗಿ ರಂಗನಾತರನ್ನು ಆಟಕ್ಕೆ ಕರೆದೆ. ಕಲ್ಲಾಟದಲ್ಲಿ ನನ್ನನ್ನು ಮೀರಿಸುವವರು ಬೀದಿಯಲ್ಲಿ ಇರಲಿಲ್ಲ. ಅವರ ಕೈಯಿಂದ ಕಲ್ಲು ಕೆಳಗೆ ಬಿತ್ತು. ಸೋತರು. ತಮ್ಮ ಎದೆ ತಟ್ಟಿಕೊಂಡು ನಗುತ್ತ "ಪೆರ್ಸೊ" ಅಂದರು. ನನ್ನ ತಲೆ ತಟ್ಟಿ "ವಿಂತೊ" ಅಂದರು. ಕಳೆದುಹೋದದ್ದಕ್ಕೂ ಸೋತದ್ದಕ್ಕೂ ಅವರಲ್ಲಿ ಒಂದೇ ಶಬ್ದ. ಗೆದ್ದವಳು ನಾನು. ಅಷ್ಟು ಕೆಟ್ಟ ಗೆಲುವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ಮೆಟ್ಟಿಲ ಮೇಲೆ ಚೀಟಿ ಹದಿನಾರರಲ್ಲಿತ್ತು. ಇನ್ನುಳಿದ ಆಟ ಒಂದೇ ಎಂದು ರಂಗನಾತರು ಬೆರಳು ತೋರಿಸಿ ಹೇಳಿದರು. ಕೊನೆಯ ಎರಡು ಮೆಟ್ಟಿಲನ್ನು ಮುಟ್ಟಿ, ಬಾಗಿಲ ಕಡೆ, ಬೀದಿಯ ಕಡೆ ಕೈಮಾಡಿದರು. ಆ ಎರಡು ಮೆಟ್ಟಿಲಿಗೆ ಇಳಿದವರು ಮನೆಯೊಳಗೆ ಬರುವುದಲ್ಲ, ಮನೆಯಿಂದ ಹೊರಗೆ. ಕೆಳಗಿನ ದರ್ಜೆಗೆ. ಆ ಬೀದಿಗೆ ಹೋಗುವ ದಾರಿಯಲ್ಲೇ ನಮ್ಮ ಅಜ್ಜಿಯ ತಾವರೆ ಅರಳಿಕೊಂಡಿತ್ತು.

ಎರಡು ದಿನ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಅವರ ತಮ್ಮ ಬಿಟ್ಟ ಒಂದೊಂದು ಗೋಲಿಗೂ ನಾವು ತುಪ್ಪ ಸುರಿದು ಸಿಹಿ ಮಾಡಿ ಕಳಿಸಿದ್ದೆವು. ಗೆದ್ದ ದಿನ ಮೆಣಸಿನ ಸಾರು! ಇದು ಅವರಿಗೆ ಗೊತ್ತಾದರೆ? ನಾಚಿಕೆಗಿಂತ ಹೆಚ್ಚಾಗಿ, ಅವರು ನಮ್ಮ ಮನೆ ಬಿಟ್ಟು ಹೋಗುತ್ತಾರೆ ಎಂಬ ಭಯವೇ ನನ್ನನ್ನು ತಿಂದಿತು. ಮೂರನೆಯ ದಿನ ಅಜ್ಜಿಯ ಪಕ್ಕ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ.

ಅಜ್ಜಿ ಬೈಯಲಿಲ್ಲ. ಕುಟ್ಟಾಣಿ ಸುಮ್ಮನಾಯಿತು, ಅದೇ ದೊಡ್ಡ ಶಿಕ್ಷೆ. "ಅಂಗಾದ್ರ ಆ ಪಿಳ್ಳೆ ಸೋತಾಗೆಲ್ಲ ನಾವು ಕೇಸರಿ ಕೊಟ್ಟವಾ?" ಅಂದರು. ಹೌದು ಅಂದೆ.

"ತಿಂದ್ನಾ?"

"ತಿಂದ್ರು."

"ಒಂದ್ ಸಲನಾದ್ರೂ ಮಿಗಿಸಿ ಕಳುಸಿದ್ನಾ?"

ಇಲ್ಲ. ಪ್ರತಿ ಸಲವೂ ಬಟ್ಟಲು ತೊಳೆದ ಹಾಗೆ ವಾಪಸು ಬಂದಿತ್ತು. ಅಜ್ಜಿ ಕುಟ್ಟಾಣಿ ಎತ್ತಿಕೊಂಡರು. "ಅಂಗಾದ್ರ ಅವ್ನಿಗ ಬೇಕಾಗಿತ್ತು. ನೀ ಅಳ್ಬ್ಯಾಡ, ಓಗಿ ಮೊಕ ತೊಳ್ಕ" ಅಂದರು. ಆಮೇಲೆ ಒದ್ದೆ ಬಟ್ಟೆ ತಗೊಂಡು ಹೋಗಿ ಮೆಟ್ಟಿಲ ರಂಗೋಲಿಯನ್ನು ಒರೆಸಿ ಬಂದರು.

ಕೊನೆಯ ಕಾಗದ ಬಂದಾಗ ಮಳೆ ಶುರುವಾಗುವುದರಲ್ಲಿತ್ತು, ಪಾಲ್ಘಾಟ್ ಕಡೆಯ ಗಾಳಿ ಬೀದಿಯ ಹತ್ತಿಯ ಎಳೆಗಳನ್ನೆಲ್ಲ ಎತ್ತಿ ಹಾರಿಸುತ್ತಿತ್ತು. ಅವತ್ತು ಅಪ್ಪನೂ ಮನೆಯಲ್ಲಿದ್ದರು. ರಂಗನಾತರು ಓದಿದರು. ಕೈ ಬೀಸಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಮೆಟ್ಟಿಲ ಹತ್ತಿರ ಹೋಗಿ ಅವರೂರಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹೊಸ್ತಿಲು ದಾಟಿ, ಬೀದಿಯ ಕಲ್ಲಿನ ಮೇಲೆ ಇಟ್ಟು, ಹಾರದಿರಲಿ ಎಂದು ಒಂದು ಸಣ್ಣ ಕಲ್ಲು ಹೇರಿದರು. ಒಳಗೆ ಬಂದು ಬೆಂಚಿನ ಮೇಲೆ ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದರು.

ಅಜ್ಜಿ ಎದ್ದು ಬೀದಿಗೆ ಹೋದರು. ಅವರು ಬೀದಿಗಿಳಿಯುವುದೇ ಅಪರೂಪ. ಬಗ್ಗಿ ಕಲ್ಲು ತೆಗೆದು, ಚೀಟಿಯನ್ನು ಸೆರಗಿನಲ್ಲಿ ಒರೆಸಿ, ಅಂಗೈ ಮೇಲಿಟ್ಟುಕೊಂಡು, ಬಾಗಿಲಲ್ಲಿ ನಿಂತು ಅದರ ಹತ್ತಿರವೇ ಮಾತಾಡಿದರು. "ಬೀದಿಲಿ ಯಾಕ ಕೂತ್ಕತಿಯ? ನಮ್ಮನ ಇಲ್ವ? ಒಳಕ್ಕ ಬಾ" ಅಂದರು. ತಂದು ದೇವರ ಗೂಡಿನಲ್ಲಿ ರಂಗನಾಥನ ಪಟದ ಪಕ್ಕ ನಿಲ್ಲಿಸಿ, ಸೀದಾ ಒಲೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ರವೆ ಹುರಿದ ವಾಸನೆ ಬಂತು.

ಆ ವಾಸನೆಗೆ ರಂಗನಾತರು ತಲೆಯೆತ್ತಿದರು. ಅಪ್ಪನ ಕಡೆ ತಿರುಗಿ ತಮ್ಮ ಗಿರಣಿ ಇಂಗ್ಲಿಷಿನಲ್ಲಿ ತಡವರಿಸಿಕೊಂಡು ಬಹಳ ಹೊತ್ತು ಹೇಳಿದರು. ಅಪ್ಪ ಕೇಳಿ ಕೇಳಿ ತುಂಡು ತುಂಡಾಗಿ ನಮಗೆ ತಿಳಿಸಿದರು. ಅವರ ಊರಿನಲ್ಲಿ ಕ್ಲಬ್ಬು ಸೋತರೆ ಮೂರು ದಿನ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲವಂತೆ. ಗೋಲು ಕಾಯುವವನ ಮನೆಯ ಮುಂದೆ ಉಗಿದು ಹೋಗುವವರೂ ಇದ್ದರಂತೆ. ಇಲ್ಲಿಗೆ ಬಂದ ಮೇಲೆ ತಮ್ಮನಿಗೆ ಬರೆದರಂತೆ, ಈ ದೇಶದಲ್ಲಿ ಒಂದು ಪದ್ಧತಿ ಇದೆ, ಸೋತವರ ಮನೆಗೆ ಬಿಸಿಬಿಸಿ ಸಿಹಿ ಕಳಿಸುತ್ತಾರೆ, ಗೆದ್ದವರಿಗೆ ಅಹಂಕಾರ ಬರದ ಹಾಗೆ ಅವರ ಮುಂದೆ ಗಂಭೀರವಾಗಿ ಇರುತ್ತಾರೆ ಎಂದು. ಅದನ್ನು ಆ ತಮ್ಮ ತಾಯಿಗೆ ಓದಿ ಹೇಳಿದನಂತೆ. ಆ ತಾಯಿ ಈಗ ಪ್ರತಿ ಸೋಲಿಗೂ ಹನ್ನೊಂದು ಜನಕ್ಕೂ ಸಿಹಿ ರೊಟ್ಟಿ ಸುಟ್ಟು ಕೊಡುತ್ತಾಳಂತೆ. ಇದು ಈ ಊರಿನ ಪದ್ಧತಿಯೋ, ಈ ಮನೆಯದು ಮಾತ್ರವೋ ಎಂದು ಕೇಳುತ್ತಿದ್ದಾರೆ ಎಂದು ಹೇಳುವಷ್ಟರಲ್ಲಿ ಅಪ್ಪನ ಮುಖ ಬದಲಾಯಿತು. ಸೋಲು ಎಂಬ ಮಾತು ಅವರಿಗೆ ಆಗ ತಟ್ಟಿತು. ಮೆಲ್ಲಗೆ ನನ್ನ ಕಡೆ ನೋಡಿದರು. ನಾನು ಕಂಬದ ಹಿಂದೆ ಸರಿದೆ.

ಅಜ್ಜಿ ಬಾಣಲೆಯಿಂದ ಕಣ್ಣು ತೆಗೆಯದೆ, "ಊ ಅನ್ನು. ನಮ್ಮಲ್ಲಿ ಅಂಗೇ ಅಂತ ಏಳು" ಅಂದರು. ಅಪ್ಪ "ಯೆಸ್" ಅಂದರು. "ಅವರ್ ಕಸ್ಟಮ್."

ಇನ್ನು ವಿಧಿಯಿರಲಿಲ್ಲ. ದೇವರ ಗೂಡಿನ ಎದುರು ಒಂದು ಸುಳ್ಳು ಹೇಳಿಸಿದ ಮೇಲೆ ಅದನ್ನು ನಿಜ ಮಾಡದೆ ಬಿಡುವ ಹೆಂಗಸಲ್ಲ ನಮ್ಮ ಅಜ್ಜಿ. ಅವತ್ತಿನಿಂದ ಮನೆಯಲ್ಲಿ ಯಾರು ಏನು ಸೋತರೂ ಕೇಸರಿ. ಅಪ್ಪನಿಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರಿಗೆ ಹೋದ ದಿನ ಕೇಸರಿ. ಅಮ್ಮ ಆಸೆಯಿಂದ ಇಟ್ಟ ಮಲ್ಲಿಗೆ ಬಳ್ಳಿ ಒಣಗಿದಾಗ ಕೇಸರಿ. ನಾನು ಲೆಕ್ಕದ ಪರೀಕ್ಷೆಯಲ್ಲಿ ಉರುಳಿ, ಬೀದಿ ಸುತ್ತಿಕೊಂಡು ತಡವಾಗಿ ಮನೆಗೆ ಬಂದಾಗ, ಒಳಗಿನಿಂದ ಅಜ್ಜಿ ಕೇಳಿದ್ದು ಒಂದೇ ಮಾತು. "ಪೆರ್ಸೊನಾ?" ಪೆರ್ಸೊ ಅಜ್ಜಿ, ಅಂದೆ. ರವೆ ಆಗಲೇ ಹುರಿದಿಟ್ಟಿತ್ತು.

ರಂಗನಾತರು ಆ ಜೂನಿನಲ್ಲೇ ಹೊರಟುಹೋದರು. ಹೋಗುವಾಗ ಅಜ್ಜಿಯ ಎರಡೂ ಕೈ ಹಿಡಿದು "ನೊನ್ನಾ" ಎಂದು ನಿಲ್ಲಿಸಿದರು. ಆ ಹೊತ್ತಿಗೆ ಅದರ ಅರ್ಥ ಅಜ್ಜಿಗೂ ತಿಳಿದಿತ್ತು. ಆದರೂ, "ಈಗ್ಲೂ ಮುಗ್ಸಲಿಲ್ಲ ನೋಡು" ಎಂದು ನಗುತ್ತ ಕಣ್ಣೊರೆಸಿಕೊಂಡರು. ಕಪ್ಪೆಯ ಕಥೆ, ಪೆರ್ಸುವಿನ ಕಥೆ, ಯಾವುದನ್ನೂ ರಂಗನಾತರಿಗೆ ನಾವು ಯಾರೂ ಹೇಳಲಿಲ್ಲ. ವರ್ಷಕ್ಕೊಂದು ಕಾಗದ ಬರುತ್ತಿತ್ತು. ಕ್ಲಬ್ಬು ಮತ್ತೆ ಮೇಲಿನ ದರ್ಜೆಗೆ ಹತ್ತಲೇ ಇಲ್ಲವಂತೆ. ಚೀಟಿ ದೇವರ ಗೂಡಿನಲ್ಲೇ ಕುಂಕುಮ ಹಚ್ಚಿಸಿಕೊಂಡು ಇತ್ತು.

ಎರಡು ವರ್ಷದ ಮೇಲೆ, ಒಂದು ಮುಂಜಾನೆ, ಅಜ್ಜಿ ಏಳಲಿಲ್ಲ. ಅಪ್ಪ ಎಲ್ಲ ನೆಂಟರಿಗೂ ಬರೆದರು, ಇಟಲಿಗೂ ಎರಡು ಸಾಲು ಬರೆದರು. ನಾಲ್ಕೈದು ತಿಂಗಳ ನಂತರ, ಇನ್ನೂ ವರ್ಷಾಬ್ದಿಕ ಆಗುವ ಮೊದಲೇ, ಹಡಗಿನಲ್ಲಿ ಒಂದು ಪೊಟ್ಟಣ ಬಂತು. ಅವತ್ತು ಮನೆಯಲ್ಲಿ ಕುನ್ನತ್ತೂರಿನ ಅತ್ತೆಯೂ ಇದ್ದರು, ಅಪ್ಪನ ಅಕ್ಕ. ಬಿಚ್ಚಿದರೆ ಒಂದು ತಗಡಿನ ಡಬ್ಬ. ಡಬ್ಬದ ತುಂಬ ಸಕ್ಕರೆ ಬಳಿದ ಬಿಳಿ ಬಾದಾಮಿ.

ಅತ್ತೆಗೆ ಉರಿದುಹೋಯಿತು. ವರ್ಷ ತುಂಬದ ಸಾವಿನ ಮನೆಗೆ ಯಾರಾದರೂ ಮಿಠಾಯಿ ಕಳಿಸುತ್ತಾರಾ, ದೀಪಾವಳಿಗೇ ಒಲೆಯ ಮೇಲೆ ಎಣ್ಣೆ ಇಟ್ಟಿಲ್ಲ, 'ಅವ್ವ ಓಗಿದ್ದಕ್ಕ ಸಂತೋಸನಾ ಅವ್ನಿಗ' ಎಂದು ಒಂದೇ ಸಮನೆ ಅಂದರು. ಡಬ್ಬವನ್ನು ಬೀದಿಗೆ ಹಾಕಿ ಎಂದೂ ಅಂದರು. ಅಪ್ಪ ಡಬ್ಬದೊಳಗಿದ್ದ ಕಾರ್ಡನ್ನು ತೆಗೆದು ನನಗೆ ಕೊಟ್ಟರು. ಮನೆಯಲ್ಲಿ ಇಟಲಿ ಭಾಷೆ ಬರುವವಳು ನಾನೇ ಅಲ್ಲವೆ? ಅದರಲ್ಲಿ ಎರಡೇ ಶಬ್ದ ಇತ್ತು. ನೊನ್ನಾ. ಪೆರ್ಸಾ.

ಹೆಂಗಸಾದರೆ ಪೆರ್ಸೊ ಪೆರ್ಸಾ ಆಗುತ್ತದೆ. ಅಜ್ಜಿ ಕಳೆದುಹೋದರು, ಎಂದು ಬರೆದಿದ್ದರು. ನಾನು ಅಪ್ಪನಿಗೆ ಹಾಗೆಯೇ ಓದಿ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಎರಡು ಶಬ್ದ ಬಾಯಿಂದ ಹೊರಗೆ ಬಂದಾಗ ನಮ್ಮ ಮನೆಯ ಮಾತಾಗಿಯೇ ಬಂದವು, ಅಜ್ಜಿ ಕೇಳಿಸಿಕೊಳ್ಳುತ್ತಿದ್ದ ಹಾಗೆ. ನನ್ನ, ಪೆರ್ಸಾ. ರಂಗನಾತರು ಕೊನೆಗೂ ಆ ಮಾತನ್ನು ಮುಗಿಸಿದ್ದರು.

ಅಪ್ಪ, "ಅಕ್ಕ, ಇದು ನಮ್ಮನ ವಳಕ್ಕಂ" ಅಂದರು. ವಳಕ್ಕಂ ಅಂದರೆ ಪದ್ಧತಿ. ಅಷ್ಟೇ ಹೇಳಿ, ಅತ್ತೆಯ ಕೈಗೆ ಒಂದು, ಅಮ್ಮನಿಗೆ ಒಂದು, ನನಗೆ ಒಂದು ಬಾದಾಮಿ ಇಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡರು. ಕಲ್ಲಿನಂತೆ ಗಟ್ಟಿಯಾಗಿತ್ತು. ಅತ್ತೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಕೊನೆಗೆ ಅಳುತ್ತಲೇ ಕಡಿದರು.

ಆಮೇಲೆ ಅಪ್ಪ ಗೂಡಿನಿಂದ ಅಜ್ಜಿಯ ಕುಟ್ಟಾಣಿ ಇಳಿಸಿದರು. ಇನ್ನೊಂದು ಬಾದಾಮಿಯನ್ನು ಅದರೊಳಗೆ ಹಾಕಿ, ನೆಲದ ಮೇಲೆ ಕೂತು, ಟಣ್ ಟಣ್ ಎಂದು ನುಣ್ಣಗೆ ಕುಟ್ಟಿ, ಒಂದು ಎಲೆಯ ಮೇಲೆ ಸುರಿದು ಅಜ್ಜಿಯ ಫೋಟೊದ ಮುಂದೆ ಇಟ್ಟರು. ಅಜ್ಜಿಗೆ ಹಲ್ಲಿರಲಿಲ್ಲವಲ್ಲ.